ಪ್ರಸಂಗ ನಿಲ್ಲಿಸಿ ಕೆಳಗಿಳಿದ ಪೌಲ

ಯೌವನಸ್ಥರ ಭಾನುವಾರದ ಪ್ರಸಂಗ
ವೇದಪಾಠ: 2 ಅರಸುಗಳು 4:18–37, ಅಪೊಸ್ತಲರ ಕೃತ್ಯಗಳು 20:7–12



ಈಗ ಓದಿದ ಎರಡನೆಯ ಪಾಠ ಪ್ರಸಂಗ ಮಾಡುವವರಿಗೆ ಸ್ವಲ್ಪ ಮುಜುಗರದ್ದು. ತ್ರೋವ ಪಟ್ಟಣ, ವಾರದ ಮೊದಲನೆಯ ದಿನ, ರಾತ್ರಿ. ಬೆಳಗಾದರೆ ಪೌಲ ಹೊರಡಬೇಕು, ಹೇಳುವುದು ಇನ್ನೂ ಬಹಳ ಉಳಿದಿದೆ. ಮೂರನೆಯ ಅಂತಸ್ತಿನ ಕೋಣೆಯ ತುಂಬ ಜನ, ತುಂಬ ದೀಪ. ಯೂತಿಖ ಎಂಬ ಹುಡುಗ ಕಿಟಕಿಯಲ್ಲಿ ಕೂತಿದ್ದಾನೆ. ಮಾತು ಮುಗಿಯಲೊಲ್ಲದು. ಮಧ್ಯರಾತ್ರಿಯ ಹೊತ್ತಿಗೆ ಹುಡುಗನಿಗೆ ಕಣ್ಣು ಎಳೆಯಿತು, ನಿದ್ದೆ ಹತ್ತಿತು, ಮೂರು ಅಂತಸ್ತಿನ ಮೇಲಿಂದ ಬಿದ್ದ. ಎತ್ತಿದವರಿಗೆ ಸಿಕ್ಕಿದ್ದು ಹೆಣ ಎಂದೇ ಲೂಕ ಬರೆಯುತ್ತಾನೆ. ಹನ್ನೊಂದೂವರೆ ದಾಟಿದರೆ ಗಡಿಯಾರದ ಕಡೆ ಕತ್ತು ತಿರುಗಿಸುವ ನಮ್ಮ ಹಿರಿಯರೊಬ್ಬರು ಈ ಅಧ್ಯಾಯವನ್ನು ನನಗೆ ಆಗಾಗ ನೆನಪಿಸುವುದುಂಟು. ಅವರಿಗೆ ವಂದನೆ.

ಈ ಕಥೆಯನ್ನು ಸಾಮಾನ್ಯವಾಗಿ ನಿದ್ದೆ ಮಾಡುವವರನ್ನು ಎಚ್ಚರಿಸುವುದಕ್ಕೆ ಹೇಳುತ್ತಾರೆ. ನಾನು ಇವತ್ತು ನೋಡಬೇಕೆಂದಿರುವುದು ಹುಡುಗ ಬಿದ್ದ ಮರುಕ್ಷಣವನ್ನು. ಪೌಲ ಮಾತು ನಿಲ್ಲಿಸಿದ. "ದೇವರ ವಾಕ್ಯ ನಡೆಯುತ್ತಿದೆ, ಯಾರಾದರೂ ಇಬ್ಬರು ಹೋಗಿ ನೋಡಿ" ಅನ್ನಲಿಲ್ಲ. ಆ ಕತ್ತಲಲ್ಲಿ ಮೆಟ್ಟಿಲಿಳಿದು ತಾನೇ ಹೋದ. ಅಲ್ಲಿ ವೈದ್ಯನಿಗೆ ಬರವಿರಲಿಲ್ಲ ಎಂಬುದನ್ನೂ ಗಮನಿಸಿ. ಈ ಅಧ್ಯಾಯವನ್ನು ಲೂಕ "ನಾವು" ಎಂದು ಬರೆಯುತ್ತಾನೆ, ಅಂದರೆ ಅವನೂ ಅಲ್ಲಿದ್ದ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನೇ ಅವನನ್ನು ವೈದ್ಯ ಎಂದು ಕರೆದಿದ್ದಾನೆ. ಹೀಗಿದ್ದರೂ ಹುಡುಗನ ಮೇಲೆ ಬಾಗಿದವನು ಡೇರೆ ಹೊಲಿಯುವ ಕಸುಬಿನ ಪೌಲ. ಬಾಗಿದ, ಅಪ್ಪಿಕೊಂಡ, ಗೋಳಿಡುತ್ತಿದ್ದವರನ್ನು ಸುಮ್ಮನಿರಿಸಿದ, ಜೀವವಿದೆ ಎಂದ.

ಅಪ್ಪಿಕೊಂಡದ್ದನ್ನು ಮಾತ್ರ ನೀವು ಅನುಸರಿಸಬೇಡಿ. ಎತ್ತರದಿಂದ ಬಿದ್ದವರ ಕತ್ತಿನ ಮೂಳೆಗೆ ಏಟಾಗಿರಬಹುದು. ಅವರನ್ನು ಎತ್ತಿ ಕೂರಿಸಿದರೆ, ಹೆಗಲಿಗೆ ಹಾಕಿಕೊಂಡು ಆಟೋಗೆ ತುಂಬಿದರೆ, ಒಳಗಿನ ನರಹುರಿ ತುಂಡಾಗಿ ಕೈಕಾಲು ಶಾಶ್ವತವಾಗಿ ಹೋಗಬಹುದು. ತೆಂಗಿನ ಮರ, ಅಡಿಕೆ ಮರ, ತಾರಸಿ, ಬೈಕು, ಎಲ್ಲಿಂದ ಬಿದ್ದರೂ ಇದೇ ಮಾತು. ತಲೆಯ ಹತ್ತಿರ ಮೊಣಕಾಲೂರಿ ಎರಡೂ ಕೈಯಿಂದ ತಲೆಯನ್ನು ಇದ್ದ ಹಾಗೆಯೇ ಅಲುಗದಂತೆ ಹಿಡಿದುಕೊಳ್ಳಿ, "ಅಲ್ಲಾಡಬೇಡ, ನಾನಿದ್ದೇನೆ" ಎನ್ನುತ್ತಿರಿ, ಇನ್ನೊಬ್ಬರಿಂದ 108ಕ್ಕೆ ಫೋನ್ ಮಾಡಿಸಿ. ಬೆಂಕಿ, ನುಗ್ಗಿ ಬರುವ ವಾಹನ ಇಂಥ ಅಪಾಯವಿದ್ದರೆ, ಅಥವಾ ಉಸಿರು ನಿಂತಿದ್ದರೆ ಮಾತ್ರ ಕದಲಿಸಬಹುದು. ಪೌಲನಿಗೆ ಸಿಕ್ಕಿದ್ದು ದೇವರ ವಿಶೇಷ ಕೃಪೆ. ನಮಗೆ ಸಿಕ್ಕಿರುವುದು ಕಲಿಯುವ ಅವಕಾಶ. ಅದೂ ಕೃಪೆಯೇ.

ಪ್ರಿಯರೇ, ನಮ್ಮ ಜನರಲ್ಲಿ ಪ್ರೀತಿಗೇನೂ ಕೊರತೆಯಿಲ್ಲ. ರಸ್ತೆಯಲ್ಲಿ ಯಾರಾದರೂ ಕುಸಿದರೆ ನಿಮಿಷದಲ್ಲಿ ಐವತ್ತು ಜನ ಸೇರುತ್ತಾರೆ. ಆದರೆ ಸೇರಿದವರು ಮಾಡುವುದೇನು? ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹೊಯ್ಯುತ್ತಾರೆ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಕೈ ಸುಟ್ಟರೆ ಟೂತ್‌ಪೇಸ್ಟ್, ರಕ್ತ ಬಂದರೆ ಕಾಫಿಪುಡಿ, ಮೂಗಿನಲ್ಲಿ ರಕ್ತ ಬಂದರೆ ತಲೆ ಹಿಂದಕ್ಕೆ, ತಲೆ ಸುತ್ತಿ ಬಿದ್ದವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸುವುದು. ಎಲ್ಲವೂ ಪ್ರೀತಿಯಿಂದಲೇ, ಎಲ್ಲವೂ ತಪ್ಪೇ. ಕನಿಕರ ಇದ್ದರೆ ಸಾಕು ಎಂದು ಪ್ರಸಂಗಪೀಠದಿಂದ ನಾವು ತುಂಬ ಸಲ ಹೇಳಿದ್ದೇವೆ. ಸಾಲದು. ಕನಿಕರಕ್ಕೆ ಕೆಲಸ ಬರಬೇಕು.

ಒಂದು ಮದುವೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಊಟದ ಹಾಲ್‌ನಲ್ಲಿ ಎರಡನೆಯ ಪಂಕ್ತಿ ನಡೆಯುತ್ತಿತ್ತು. ಬಡಿಸುತ್ತಿದ್ದ ಹುಡುಗನೊಬ್ಬ ಸಾಂಬಾರಿನ ಬಕೆಟ್ ಬಿಟ್ಟು ನೆಲಕ್ಕೆ ಬಿದ್ದ. ಮೂರ್ಛೆರೋಗ, ಮೈಯೆಲ್ಲ ಸೆಟೆದು ನಡುಗುತ್ತಿದೆ, ಬಾಯಲ್ಲಿ ನೊರೆ. "ಕಬ್ಬಿಣ ಕೊಡ್ರೀ, ಕಬ್ಬಿಣ" ಎಂದು ಯಾರೋ ಕೂಗಿದರು, ನಾಲ್ಕು ಕಡೆಯಿಂದ ಬೀಗದ ಕೈ ಗೊಂಚಲು ಬಂದವು. ಒಬ್ಬರು ಈರುಳ್ಳಿ ಜಜ್ಜಿ ತಂದರು. ಇಬ್ಬರು ಕಾಲು ಅದುಮಿ ಹಿಡಿದರು. ಒಬ್ಬ ದೊಡ್ಡವರು ನಾಲಿಗೆ ಕಚ್ಚಿಕೊಳ್ಳಬಾರದೆಂದು ಹಲ್ಲಿನ ನಡುವೆ ಸೌಟಿನ ಹಿಡಿ ತುರುಕಲು ನೋಡುತ್ತಿದ್ದರು. ಆಗ ಜನರ ನಡುವೆ ತೂರಿ ಬಂದವಳು ಎಸ್ಸೆಸ್ಸೆಲ್ಸಿ ಓದುವ ಹುಡುಗಿ, ರೇಷ್ಮೆ ಲಂಗದವಳು. "ಅಂಕಲ್, ಅದನ್ನ ತೆಗೀರಿ. ಹಿಡ್ಕೋಬೇಡಿ, ಬಿಟ್ಬಿಡಿ." ಪಕ್ಕದ ಕುರ್ಚಿಗಳನ್ನು ಎಳೆದಳು, ಅಜ್ಜಿಯ ಶಾಲು ಕಿತ್ತುಕೊಂಡು ಮಡಿಚಿ ಅವನ ತಲೆಯಡಿ ಇಟ್ಟಳು, ಕತ್ತಿನ ಗುಂಡಿ ಸಡಿಲಿಸಿದಳು, ಆಮೇಲೆ ಏನೂ ಮಾಡದೆ ಗೋಡೆ ಗಡಿಯಾರ ನೋಡುತ್ತ ಕೂತಳು. ಆ ಕೂತದ್ದೇ ನನಗೆ ದೊಡ್ಡದೆನಿಸಿತು. ಸುತ್ತ ಎಲ್ಲರೂ "ಏನಾದರೂ ಮಾಡಿ" ಎಂದು ಅರಚುವಾಗ ಮಾಡಬೇಕಾದ್ದು ಇಷ್ಟೇ ಎಂದು ಗೊತ್ತಿದ್ದು ಸುಮ್ಮನಿರುವುದು ಸಣ್ಣ ಧೈರ್ಯವಲ್ಲ. ನಡುಕ ತಾನಾಗಿಯೇ ನಿಂತಿತು. ಅವನನ್ನು ಎಡಮಗ್ಗುಲಿಗೆ ಹೊರಳಿಸಿ, ಬಾಯಿಯ ನೊರೆ ಒರೆಸಿ, ಕಣ್ಣು ಬಿಟ್ಟಾಗ "ಅಣ್ಣಾ, ಮದುವೆ ಮನೇಲಿದ್ದೀರಾ, ಏನೂ ಆಗಿಲ್ಲ" ಎಂದಳು. ನಡುಕ ಐದು ನಿಮಿಷ ದಾಟಿದ್ದರೆ, ಅಥವಾ ಒಂದು ನಿಂತು ಪ್ರಜ್ಞೆ ಬರುವ ಮೊದಲೇ ಇನ್ನೊಂದು ಶುರುವಾಗಿದ್ದರೆ ಆಂಬುಲೆನ್ಸ್ ಕರೆಸಬೇಕಿತ್ತಂತೆ. ಶಾಲೆಯ ಗೈಡ್ಸ್ ಕ್ಯಾಂಪಿನಲ್ಲಿ ಕಲಿತದ್ದು ಎಂದಳು.

ಊಟ ಮತ್ತೆ ಶುರುವಾದಾಗ ನನ್ನ ಪಕ್ಕದಲ್ಲಿದ್ದವರು ಆಡಿದ ಮಾತು ಇದು: "ಹುಡುಗಿ ಬಾಯಿ ಸ್ವಲ್ಪ ಜೋರು."

ಹಿರಿಯರೇ, ಮಕ್ಕಳಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ಕಷ್ಟವಲ್ಲ. ಕಲಿತ ಮಗುವಿಗೆ ನಾವು ದಾರಿ ಬಿಡುವುದೇ ಕಷ್ಟ. ದೊಡ್ಡವರ ಮಾತಿಗೆ ಎದುರಾಡಬಾರದು ಎಂದು ಹದಿನೈದು ವರ್ಷ ಹೇಳಿ ಬೆಳೆಸಿದ ಮಗು, ಮಾವನ ಕೈಯಲ್ಲಿರುವ ನೀರಿನ ಲೋಟ ತಡೆಯುವುದು ಹೇಗೆ? ವಯಸ್ಸು ಚಿಕ್ಕದೆಂದು ಯಾರೂ ನಿನ್ನನ್ನು ಕಡೆಗಣಿಸದಿರಲಿ ಎಂಬರ್ಥದ ಬುದ್ಧಿಮಾತನ್ನು ಪೌಲ ತಿಮೊಥೆಯನಿಗೆ ಬರೆದ. ನಾವು ಅದನ್ನು ಯೂತ್ ಕ್ಯಾಂಪಿನ ಬ್ಯಾನರ್ ಮೇಲೆ ಬರೆಸುತ್ತೇವೆ. ಯೌವನಸ್ಥರೇ, ಅಂಥ ಹೊತ್ತಿನಲ್ಲಿ ಜೋರಾಗಿ ಮಾತಾಡುವುದು ಅವಮರ್ಯಾದೆಯಲ್ಲ. ನಿಮ್ಮ ಸಭಾಪಾಲಕನಾಗಿ ನಾನು ಅಪ್ಪಣೆ ಕೊಟ್ಟಿದ್ದೇನೆ ಎಂದು ಬೇಕಾದರೆ ಹೇಳಿ. ಗುಂಪಿನಲ್ಲಿ "ಯಾರಾದರೂ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಪ್ರತಿಯೊಬ್ಬರೂ ಪಕ್ಕದವರನ್ನು ನೋಡುತ್ತಾರೆ. ಬೆರಳು ತೋರಿಸಿ, "ನೀಲಿ ಅಂಗಿ ಅಣ್ಣಾ, ನೀವು 108ಕ್ಕೆ ಮಾಡಿ, ಸ್ಪೀಕರ್ ಹಾಕಿ" ಎನ್ನಿ. ಗಾಬರಿಯಲ್ಲಿ ಆ ನಂಬರ್ ನೆನಪಾಗದಿದ್ದರೆ 112 ಕೂಡ ಇದೆ.

ಈಗ ಮೊದಲನೆಯ ಪಾಠಕ್ಕೆ ಬರೋಣ. ಶೂನೇಮಿನ ಆ ಹುಡುಗ ಕೊಯ್ಲಿನ ಹೊಲಕ್ಕೆ ಅಪ್ಪನ ಹತ್ತಿರ ಹೋದ. "ತಲೆ ನೋವು" ಎಂದು ಎರಡೆರಡು ಸಲ ಅಂದ. ಅಪ್ಪ ಆಳಿಗೆ ಹೇಳಿ ತಾಯಿಯ ಬಳಿ ಕಳಿಸಿದ. ಮಧ್ಯಾಹ್ನದವರೆಗೆ ತಾಯಿಯ ತೊಡೆಯ ಮೇಲಿದ್ದ, ಆಮೇಲೆ ಪ್ರಾಣ ಹೋಯಿತು. ಬೈಬಲ್ ರೋಗದ ಹೆಸರು ಹೇಳುವುದಿಲ್ಲ. ಆದರೆ ಕೊಯ್ಲಿನ ಕಾಲ, ಬಯಲು, ಬಿಸಿಲು, ಮೊದಲು ತಲೆನೋವು, ಕೆಲವು ಗಂಟೆಗಳಲ್ಲಿ ಸಾವು ಎಂದು ಓದಿದಾಗ ರಾಯಚೂರು, ಕಲಬುರಗಿಯ ಕಡೆಯವರಿಗೆ ಏಪ್ರಿಲ್, ಮೇ ತಿಂಗಳು ನೆನಪಾಗದೆ ಇರದು. ಬಿಸಿಲಿನ ಹೊಡೆತ ಬಿದ್ದವರನ್ನು ನೆರಳಿಗೆ ತನ್ನಿ, ಬಿಗಿ ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ ತೋಯಿಸಿ ಗಾಳಿ ಬೀಸಿ, ಕಂಕುಳಿಗೆ, ಕತ್ತಿಗೆ ತಣ್ಣನೆಯ ಬಟ್ಟೆ ಇಡಿ. ಮಾತು ತೊದಲುತ್ತಿದ್ದರೆ, ಪ್ರಜ್ಞೆ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ. ಆಟದ ಮೈದಾನದಲ್ಲಿ ಗೆಳೆಯ ತಲೆನೋವು ಅಂದಾಗ "ನಾಟಕ ಮಾಡಬೇಡ" ಅನ್ನುವ ಮೊದಲು ಈ ಹುಡುಗನನ್ನು ನೆನೆಯಿರಿ.

ಎಲೀಷ ಬಂದ. ಮೊದಲು ತನ್ನ ಕೋಲು ಕೊಟ್ಟು ಸೇವಕ ಗೇಹಜಿಯನ್ನು ಮುಂದೆ ಕಳಿಸಿದ್ದ. ಕೋಲು ಮುಖದ ಮೇಲಿಟ್ಟದ್ದರಿಂದ ಏನೂ ಆಗಲಿಲ್ಲ. ಆಮೇಲೆ ಪ್ರವಾದಿ ಬಾಗಿಲು ಮುಚ್ಚಿ ಪ್ರಾರ್ಥಿಸಿದ. ಅಷ್ಟಕ್ಕೇ ನಿಲ್ಲಲಿಲ್ಲ, ಹುಡುಗನ ಮೇಲೆ ಬಾಗಿ ಬಾಯಿಗೆ ಬಾಯಿ, ಕಣ್ಣಿಗೆ ಕಣ್ಣು, ಕೈಗೆ ಕೈ ಇಟ್ಟ. ಮೈ ಬೆಚ್ಚಗಾಯಿತು. ಎದ್ದು ಅತ್ತಿತ್ತ ಅಡ್ಡಾಡಿದ, ಮತ್ತೆ ಬಾಗಿದ. ಹುಡುಗ ಏಳು ಸಲ ಸೀನಿ ಕಣ್ಣು ಬಿಟ್ಟ. ಇದು ಅದ್ಭುತ, ಅದನ್ನು ವೈದ್ಯಕೀಯ ಮಾಡಲು ನಾನು ಹೊರಟಿಲ್ಲ. ಆದರೆ ಪ್ರಾರ್ಥನೆ ಮತ್ತು ಮೈಮುಟ್ಟಿ ಮಾಡುವ ಕೆಲಸ ಆ ಕೋಣೆಯಲ್ಲಿ ಬೇರೆಬೇರೆಯಾಗಿರಲಿಲ್ಲ. ದೂರದಿಂದ ಕೋಲು ಕಳಿಸಿದ್ದು ಫಲಿಸಲಿಲ್ಲ, ಹತ್ತಿರ ಬಂದದ್ದು ಫಲಿಸಿತು.

ನಿಂತ ಉಸಿರನ್ನು ಮರಳಿಸುವ ಕೆಲಸ ಕಲಿಯಲು ಮನುಷ್ಯರಿಗೆ ಬಹಳ ಕಾಲ ಹಿಡಿಯಿತು. 1732ರಲ್ಲಿ ಸ್ಕಾಟ್ಲೆಂಡಿನಲ್ಲಿ ಟೋಸಾಕ್ ಎಂಬ ವೈದ್ಯ, ಗಣಿಯ ಹೊಗೆಯಿಂದ ಉಸಿರು ನಿಂತಿದ್ದ ಕೂಲಿಯವನ ಬಾಯಿಗೆ ತನ್ನ ಉಸಿರು ಊದಿ ಬದುಕಿಸಿದ. 1767ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ, ಕಾಲುವೆಗೆ ಬಿದ್ದವರನ್ನು ಉಳಿಸಲು ಜನ ಒಂದು ಸಂಘವನ್ನೇ ಕಟ್ಟಿಕೊಂಡರು. 1960ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವೆನ್‌ಹೋವನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು, ನಿಂತ ಹೃದಯವನ್ನು ಎದೆ ಕೊಯ್ಯದೆ ಹೊರಗಿನಿಂದ ಒತ್ತಿಯೇ ರಕ್ತ ಹರಿಸಬಹುದು ಎಂದು ತೋರಿಸಿದರು. ಇದಕ್ಕೆ ಯಾವ ಸಲಕರಣೆಯೂ ಬೇಡ, ಎರಡು ಕೈ ಇದ್ದರಾಯಿತು ಎಂಬುದು ಅವರ ಲೇಖನದ ತಿರುಳು. ಅದೇ ವರ್ಷ ನಾರ್ವೆಯ ಲೇರ್ಡಾಲ್ ಎಂಬ ಆಟಿಕೆ ತಯಾರಕ, ಜನ ಅಭ್ಯಾಸ ಮಾಡಲೆಂದು ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟ. ಅವನ ಸ್ವಂತ ಮಗುವೇ ಹಿಂದೊಮ್ಮೆ ನೀರಿನಲ್ಲಿ ಮುಳುಗಿ ಉಳಿದುಕೊಂಡಿತ್ತು. ಅವನು ಮಾಡುತ್ತಿದ್ದ ಕಾರು, ಗೊಂಬೆಗಳ ಪ್ಲಾಸ್ಟಿಕ್ಕೇ ಇದಕ್ಕೂ ಒದಗಿತು. ದೇವರು ಯಾರ ಕಸುಬನ್ನು ಯಾವುದಕ್ಕೆ ಬಳಸುತ್ತಾನೋ!

ಇದನ್ನು ಮಾಡುವ ಕ್ರಮ ಕೇಳಿ. ಬಿದ್ದವರ ಹತ್ತಿರ ಹೋಗುವ ಮೊದಲು ನಿಮಗೇ ಅಪಾಯವಿಲ್ಲವೇ ನೋಡಿ. ಕರೆಂಟ್ ತಂತಿ ಬಿದ್ದಿದ್ದರೆ ಮುಟ್ಟಬೇಡಿ, ಮೇನ್ ಆಫ್ ಆಗಬೇಕು. ಹೆಗಲು ತಟ್ಟಿ ಜೋರಾಗಿ ಕರೆಯಿರಿ. ಪ್ರತಿಕ್ರಿಯೆ ಇಲ್ಲವೇ, ಹತ್ತು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಳ್ಳದೆ ಎದೆ ಏರಿಳಿಯುತ್ತಿದೆಯೇ ನೋಡಿ. ಸರಿಯಾಗಿ ಉಸಿರಾಡುತ್ತಿದ್ದು ಪ್ರಜ್ಞೆ ಮಾತ್ರ ಇಲ್ಲದಿದ್ದರೆ, ಬಿದ್ದು ಕತ್ತಿಗೆ ಏಟಾದ ಸಂಶಯವಿಲ್ಲದಿದ್ದರೆ, ಮಗ್ಗುಲಿಗೆ ಹೊರಳಿಸಿ. ಉಸಿರಿಲ್ಲದಿದ್ದರೆ, ಅಥವಾ ನೀರಿನಿಂದ ತೆಗೆದ ಮೀನು ಬಾಯಿ ಬಿಡುವ ಹಾಗೆ ಆಗೊಮ್ಮೆ ಈಗೊಮ್ಮೆ ಏದುತ್ತಿದ್ದರೆ, ಅದನ್ನು ಉಸಿರೆಂದು ತಿಳಿಯಬೇಡಿ. ಹೃದಯ ನಿಂತಿದೆ. 108ಕ್ಕೆ ಫೋನ್ ಮಾಡಿಸಿ, ಮೊಣಕಾಲೂರಿ ಕೂತುಬಿಡಿ.

ಎದೆಯ ನಟ್ಟನಡುವಿನ ಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸಬಾರದು, ಹೆಗಲು ನೇರ ಕೈಗಳ ಮೇಲೆ ಬರಬೇಕು. ಒತ್ತುವುದು ತೋಳಿನ ಬಲದಿಂದಲ್ಲ, ಮೈಭಾರದಿಂದ. ದೊಡ್ಡವರ ಎದೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು. ಅದು ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಆಳ. ಒತ್ತಿದ ಮೇಲೆ ಪೂರ್ತಿ ಮೇಲೆ ಬರಲು ಬಿಡಿ, ಹೃದಯಕ್ಕೆ ರಕ್ತ ತುಂಬುವುದು ಆಗ. ನಿಮಿಷಕ್ಕೆ 100ರಿಂದ 120 ಸಲ. ಬಾಯಿ ಬಿಟ್ಟು ಎಣಿಸಿ. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ, ಮುರಿದ ಎಲುಬು ಕೂಡುತ್ತದೆ. ಎರಡು ನಿಮಿಷದಲ್ಲಿ ಎಂಥವರಿಗೂ ಸುಸ್ತಾಗುತ್ತದೆ, ಆಗ ಇನ್ನೊಬ್ಬರು ತಡಮಾಡದೆ ಮುಂದುವರಿಸಬೇಕು. ಉಸಿರು ಕೊಡಲು ಕಲಿತವರು ಮೂವತ್ತು ಒತ್ತಿಗೆ ಎರಡು ಉಸಿರು ಕೊಡುತ್ತಾರೆ. ಕಲಿಯದವರು ಆಂಬುಲೆನ್ಸ್ ಬರುವವರೆಗೆ ಬರೀ ಒತ್ತುತ್ತಿರಬಹುದು.

ಬಿದ್ದವರು ಹೆಣ್ಣುಮಕ್ಕಳಾದರೆ ನಮ್ಮಲ್ಲಿ ಕೈ ಹಿಂಜರಿಯುತ್ತದೆ. ಯಾರಾದರೂ ಏನಾದರೂ ಅಂದಾರು ಎಂಬ ಭಯ. ಆ ಭಯದಲ್ಲಿ ಒಬ್ಬ ತಾಯಿ ಸತ್ತರೆ ಮರ್ಯಾದೆ ಉಳಿಸಿದೆವು ಎನ್ನೋಣವೇ? ಮೇಲೊಂದು ದುಪಟ್ಟಾ ಹೊದಿಸಿ ಕೆಲಸ ಮುಂದುವರಿಸಿ.

ಇದೆಲ್ಲ ಎಳೆಯರಿಗೆ ಹೆಚ್ಚಾಯಿತು ಎನ್ನುವವರಿಗೆ ಒಂದು ಮಾತು. ಹನ್ನೆರಡನೆಯ ವಯಸ್ಸಿನಿಂದ ವರ್ಷಕ್ಕೆ ಎರಡು ಗಂಟೆ ಶಾಲೆಯಲ್ಲಿ ಇದನ್ನು ಕಲಿಸಬೇಕೆಂಬ ಕರೆಯನ್ನು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅನುಮೋದಿಸಿದೆ. ಹನ್ನೆರಡು ಎಂದರೆ ನಮ್ಮ ಕರ್ತನು ದೇವಾಲಯದಲ್ಲಿ ಬೋಧಕರ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದ ವಯಸ್ಸು. ದೃಢೀಕರಣದ ಕ್ಲಾಸಿನಲ್ಲಿ ನಾವು ಮಕ್ಕಳಿಗೆ ವಿಶ್ವಾಸಪ್ರಮಾಣ ಬಾಯಿಪಾಠ ಮಾಡಿಸುತ್ತೇವೆ. ಅದರ ಜೊತೆ ಎರಡು ಗಂಟೆ ಇದಕ್ಕೂ ಹೊಂದೀತು. ನಮ್ಮ ಹಿಂದಿನವರು ಮೈಸೂರಿನಲ್ಲಿ 1906ರಲ್ಲಿ, ಉಡುಪಿಯಲ್ಲಿ 1923ರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದರು. ವಾರ್ಷಿಕೋತ್ಸವಗಳಲ್ಲಿ ನಾವು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಕೇಳುತ್ತ ಕೂತ ನಮ್ಮ ಮಕ್ಕಳಿಗೆ ಮೂಗಿನ ರಕ್ತ ನಿಲ್ಲಿಸಲು ಬರುವುದಿಲ್ಲ. (ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯುವುದು, ಬಾಯಲ್ಲಿ ಉಸಿರಾಡುವುದು. ಇಷ್ಟೇ.)

ಗಾಯದಿಂದ ರಕ್ತ ಸುರಿಯುತ್ತಿದ್ದರೂ ಒತ್ತಡವೇ ಮದ್ದು. ತೊಳೆದ ಕರ್ಚೀಫೋ ಟವೆಲ್ಲೋ ಮಡಿಚಿ ಗಾಯದ ಮೇಲಿಟ್ಟು ಬಲವಾಗಿ ಒತ್ತಿ. ನಿಂತಿತೇ ಎಂದು ಗಳಿಗೆಗೊಮ್ಮೆ ಎತ್ತಿ ನೋಡಬೇಡಿ, ನೆನೆದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಹಾಕಿ. ಕೈಗೆ ಗ್ಲೌಸ್ ಇಲ್ಲದಿದ್ದರೆ ಬೇಕರಿಯ ಪ್ಲಾಸ್ಟಿಕ್ ಕವರ್ ನಡೆಯುತ್ತದೆ. ಸುಟ್ಟ ಗಾಯಕ್ಕೆ ನಲ್ಲಿಯ ತಣ್ಣೀರು, ಇಪ್ಪತ್ತು ನಿಮಿಷ. ಐಸ್ ಬೇಡ. ಬಳೆ, ಉಂಗುರ ಬಾವು ಏರುವ ಮೊದಲೇ ತೆಗೆಯಿರಿ, ಗುಳ್ಳೆ ಒಡೆಯಬೇಡಿ. ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ ಕೈ ಹಿಡಿದು ನಿಲ್ಲುವುದು ಬಹಳ ಬೇಸರದ ಕೆಲಸ. ಹುಡುಗಿ ಅಳುತ್ತಿರುತ್ತಾಳೆ, ಅಜ್ಜಿ ಟೂತ್‌ಪೇಸ್ಟ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಅಲ್ಲಾಡಬೇಡಿ.

ಇನ್ನು ಹಾವು. ಮೆಲೀತೆ ದ್ವೀಪದಲ್ಲಿ ಪೌಲನ ಕೈಗೆ ಹಾವು ಕಚ್ಚಿದ್ದನ್ನೂ, ಅವನು ಅದನ್ನು ಬೆಂಕಿಗೆ ಝಾಡಿಸಿ ಸುಮ್ಮನೆ ಕೂತದ್ದನ್ನೂ ನೀವು ಓದಿದ್ದೀರಿ. ಇದನ್ನು ಹಿಡಿದುಕೊಂಡು, ನಂಬಿಕೆ ಇದ್ದವರಿಗೆ ವಿಷ ಏರದು, ಪ್ರಾರ್ಥನೆಯೇ ಸಾಕು ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ಅವರ ಭಕ್ತಿಯ ಮೇಲೆ ನನಗೆ ಗೌರವವಿದೆ, ಅವರ ಮಾತನ್ನು ಕೇಳಬೇಡಿ ಎಂದೇ ಹೇಳುತ್ತೇನೆ. ದೇವರನ್ನು ಪರೀಕ್ಷಿಸಬಾರದು ಎಂದು ದೇವಾಲಯದ ಶಿಖರದ ಮೇಲೆ ಕರ್ತನೇ ಸೈತಾನನಿಗೆ ಹೇಳಿದ್ದಾನೆ. ನಾಗರ, ಕಟ್ಟು ಹಾವು, ಕೊಳಕುಮಂಡಲ ಇರುವ ನಾಡು ನಮ್ಮದು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಅಧಿಸೂಚನೆ ಹೊರಡಿಸಿತು. ಮಂತ್ರ ಬೇಡ, ಬ್ಲೇಡು ಬೇಡ, ಬಾಯಿಂದ ಹೀರುವುದು ಬೇಡ, ಸಿನಿಮಾದ ಹಾಗೆ ಬಿಗಿಯಾಗಿ ಹಗ್ಗ ಕಟ್ಟುವುದಂತೂ ಬೇಡವೇ ಬೇಡ. ಹಾವನ್ನು ಹುಡುಕಿ ಕೊಲ್ಲಲು ಹೋಗಿ ಎರಡನೆಯವರು ಕಚ್ಚಿಸಿಕೊಳ್ಳುವುದೂ ಉಂಟು. ಮುರಿದ ಕಾಲಿಗೆ ಕೋಲು ಕಟ್ಟುವಂತೆ ಕಚ್ಚಿದ ಅಂಗವನ್ನು ಅಲುಗದಂತೆ ಇರಿಸಿ, ನಡೆಸದೆ, ಓಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಒಯ್ಯಿರಿ. ಪ್ರಾರ್ಥನೆಯನ್ನು ದಾರಿಯುದ್ದಕ್ಕೂ ಮಾಡಿ. ಗಾಡಿಯಲ್ಲಿ ಕೂತು ಮಾಡಿದ ಪ್ರಾರ್ಥನೆಯನ್ನೂ ದೇವರು ಕೇಳುತ್ತಾನೆ.

ಹುಡುಗರಿಗೆ ಪ್ರತ್ಯೇಕವಾಗಿ ಒಂದು ಎಚ್ಚರಿಕೆ. ರಜೆಯಲ್ಲಿ ಕಲ್ಲುಕ್ವಾರಿ, ಕೆರೆ, ಕೃಷಿಹೊಂಡಕ್ಕೆ ಈಜಲು ಹೋಗುತ್ತೀರಿ. ಒಬ್ಬ ಮುಳುಗಿದ, ಬಿಡಿಸಲು ಹೋದ ಇನ್ನಿಬ್ಬರೂ ಹೋದರು ಎಂಬ ಸುದ್ದಿ ಪತ್ರಿಕೆಯಲ್ಲಿ ಬೇಸಿಗೆಯಲ್ಲೆಲ್ಲ ಬರುತ್ತದೆ. ಅಂಥ ಮಕ್ಕಳ ಸಮಾಧಿಯ ಬಳಿ ನಿಂತು ಪ್ರಾರ್ಥಿಸುವ ಕೆಲಸ ನನ್ನಂಥವರದು, ಅದಕ್ಕೇ ಇದನ್ನು ಗಟ್ಟಿಯಾಗಿ ಹೇಳುತ್ತಿದ್ದೇನೆ. ಸ್ನೇಹಿತನಿಗಾಗಿ ಪ್ರಾಣ ಕೊಡುವುದು ದೊಡ್ಡದು ಎಂದು ಕರ್ತನು ಹೇಳಿದ್ದು ನಿಜ. ಇಬ್ಬರೂ ಸಾಯುವುದು ಆ ಮಾತಿನ ಅರ್ಥವಲ್ಲ. ಮುಳುಗುವವನು ಸಿಕ್ಕಿದ್ದನ್ನು ತಬ್ಬಿ ಒಳಗೆಳೆಯುತ್ತಾನೆ. ದಡದಲ್ಲೇ ಮಲಗಿ ಉದ್ದ ಕೋಲು ಚಾಚಿ, ಪ್ಯಾಂಟು ಶರ್ಟು ಗಂಟು ಹಾಕಿ ಎಸೆಯಿರಿ, ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ, ಕೂಗಿ ಜನ ಕರೆಯಿರಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯುವುದರಲ್ಲಿ, ತಲೆಕೆಳಗಾಗಿ ಹಿಡಿಯುವುದರಲ್ಲಿ ಹೊತ್ತು ಕಳೆಯಬೇಡಿ. ಉಸಿರಿಲ್ಲದಿದ್ದರೆ ಇಲ್ಲಿ ಮೊದಲು ಬೇಕಾದದ್ದು ಉಸಿರು, ಆಮೇಲೆ ಎದೆಯೊತ್ತು. ಈಜಲು ಹೋಗುವವರು ಉಸಿರು ಕೊಡುವುದನ್ನೂ ಕಲಿತೇ ಹೋಗಿ.

ಪೊಲೀಸ್ ಕೇಸಿನ ಭಯ ಹಿರಿಯರದು. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಸ್ಟೇಷನ್ನು, ಕೋರ್ಟು ಎಂದು ಅಲೆಯಬೇಕಾದೀತು ಎಂದು ಮಕ್ಕಳ ಕೈ ಎಳೆದುಕೊಂಡು ಬರುತ್ತೀರಿ. ಆ ಕಾಲ ಹೋಯಿತು. 2016ರಲ್ಲಿ ಸುಪ್ರೀಂ ಕೋರ್ಟ್ ನೆರವಾದವರ ರಕ್ಷಣೆಯ ಮಾರ್ಗಸೂಚಿಗೆ ಕಾನೂನಿನ ಬಲ ಕೊಟ್ಟಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಕಾನೂನಿನ ಭಾಷೆಯಲ್ಲಿ ಅಂಥವರನ್ನು ಕರೆಯುವುದು ಲೂಕನ ಸುವಾರ್ತೆಯ ಸಮಾರ್ಯದವನ ಹೆಸರಿನಿಂದ. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ಹೋದ ಆ ಕಥೆಯನ್ನು ಪಾರ್ಲಿಮೆಂಟು ಕೇಳಿಸಿಕೊಂಡಿದೆ. ಇನ್ನು ನಾವು ಕೇಳಿಸಿಕೊಳ್ಳಬೇಕು. ಬರೀ ಪಕ್ಕಕ್ಕೆ ಸರಿದಿದ್ದರೂ ಹೋಗಲಿ ಎನ್ನಬಹುದಿತ್ತು. ಇವತ್ತಿನ ಲೇವಿಯ ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾನೆ.

ಪಕ್ಕಕ್ಕೆ ಸರಿಯದವರೂ ಇದ್ದರು. 1859ರ ಜೂನ್ ತಿಂಗಳು, ಉತ್ತರ ಇಟಲಿಯ ಸೋಲ್ಫೆರಿನೋದಲ್ಲಿ ಘೋರ ಯುದ್ಧ. ಗಾಯಾಳುಗಳು ಸಾವಿರಗಟ್ಟಲೆ ಪಕ್ಕದ ಕಾಸ್ತಿಲ್ಯೋನೆ ಊರಿಗೆ ಬಂದರು. ಊರಿನ ದೊಡ್ಡ ಚರ್ಚಿನ ನೆಲದ ತುಂಬ ಹುಲ್ಲು ಹಾಸಿ ಅವರನ್ನು ಮಲಗಿಸಿದರು. ಆ ದಾರಿಯಲ್ಲಿ ಬೇರೆ ಕೆಲಸಕ್ಕೆಂದು ಬಂದಿದ್ದವನು ಜಿನೀವಾದ ಆನ್ರಿ ಡ್ಯುನಾ, ಮೂವತ್ತೊಂದು ವರ್ಷದ ವ್ಯಾಪಾರಿ, ಯುವಕನಾಗಿದ್ದಾಗ ತನ್ನ ಊರಿನಲ್ಲಿ ವೈಎಂಸಿಎ ಕಟ್ಟಿದವರಲ್ಲಿ ಒಬ್ಬ. ಅವನು ವೈದ್ಯನಲ್ಲ. ಬಿಳಿ ಸೂಟು ಹಾಕಿಕೊಂಡೇ ಗಾಯ ತೊಳೆಯಲು ಕೂತ. ಊರಿನ ಹೆಂಗಸರು ಸ್ವದೇಶಿ, ವೈರಿ ಎಂದು ನೋಡದೆ ಎಲ್ಲರಿಗೂ ಪಟ್ಟಿ ಕಟ್ಟಿದರು. ಮೂರು ವರ್ಷದ ನಂತರ ಡ್ಯುನಾ ಬರೆದ ಪುಸ್ತಕದಲ್ಲಿ ಊರ ಹುಡುಗರೂ ಇದ್ದಾರೆ. ಬಕೆಟು, ಬಿಂದಿಗೆ, ಗಿಡಕ್ಕೆ ನೀರು ಹಾಕುವ ಪಾತ್ರೆ, ಕೈಗೆ ಸಿಕ್ಕಿದ್ದನ್ನು ಹಿಡಿದು ಊರ ಚಿಲುಮೆಯಿಂದ ಚರ್ಚಿಗೆ, ಚರ್ಚಿನಿಂದ ಚಿಲುಮೆಗೆ ಓಡಾಡಿದ ಹುಡುಗರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಆ ಪುಸ್ತಕದಿಂದ ರೆಡ್ ಕ್ರಾಸ್ ಹುಟ್ಟಿತು, 1901ರಲ್ಲಿ ಡ್ಯುನಾನಿಗೆ ಮೊದಲ ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಅಷ್ಟೆಲ್ಲ ಆಗುವ ಮೊದಲು ಚರ್ಚಿನೊಳಗೆ ಬಾಯಾರಿದವರಿಗೆ ನೀರು ತಂದವರು ನಿಮ್ಮ ವಯಸ್ಸಿನವರು.

ಕೊನೆಗೆ ಹೇಳಲೇಬೇಕಾದದ್ದೊಂದಿದೆ, ಹೇಳದೆ ಕಳಿಸಿದರೆ ನಿಮಗೆ ಅನ್ಯಾಯ. ಯೂತಿಖ ಎದ್ದ, ಶೂನೇಮಿನ ಹುಡುಗ ಎದ್ದ. ನೀವು ಒತ್ತಿದ ಎದೆ ಮತ್ತೆ ಬಡಿಯದೆ ಹೋಗಬಹುದು. ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ, ಎಲ್ಲವನ್ನೂ ಸರಿಯಾಗಿ ಮಾಡಿದರೂ, ಹೆಚ್ಚಿನವರು ಉಳಿಯುವುದಿಲ್ಲ. ಸತ್ತವರು ನಿಮ್ಮ ತಾತನೇ ಇರಬಹುದು. ರಾತ್ರಿ ಮಲಗಿದಾಗ ಇನ್ನೂ ಜೋರಾಗಿ ಒತ್ತಬೇಕಿತ್ತೇ, ಬೇಗ ಶುರು ಮಾಡಬೇಕಿತ್ತೇ ಎಂದು ಮನಸ್ಸು ಕೊರೆಯುತ್ತದೆ. ಆಗ ಒಬ್ಬರೇ ಇರಬೇಡಿ. ಅಪ್ಪ ಅಮ್ಮನಿಗೆ ಹೇಳಿ, ನನ್ನ ಮನೆಯ ಬಾಗಿಲು ತಟ್ಟಿ, ಹೊತ್ತು ಎಷ್ಟೇ ಆಗಿರಲಿ. ಉಸಿರು ಕೊಡುವವನೂ ತೆಗೆದುಕೊಳ್ಳುವವನೂ ಕರ್ತನು. ಅವನು ನಿಮ್ಮಿಂದ ಕೇಳುವುದು ಕೈಗಳನ್ನು ಮಾತ್ರ, ಫಲಿತಾಂಶವನ್ನಲ್ಲ. ಹೆತ್ತವರೇ, ಅಂಥ ದಿನ ಮಗು ಮನೆಗೆ ಬಂದರೆ "ನಿನಗ್ಯಾಕೆ ಬೇಕಿತ್ತು" ಎನ್ನಬೇಡಿ. ಊಟ ಬಡಿಸಿ, ಪಕ್ಕದಲ್ಲಿ ಕೂತುಕೊಳ್ಳಿ.

ಆರಾಧನೆ ಮುಗಿದ ಮೇಲೆ ಮಹಿಳಾ ಅನ್ಯೋನ್ಯಕೂಟದವರು ಚಹಾ ಕೊಡುತ್ತಾರೆ. ಆಮೇಲೆ ಯಾರೂ ಗೇಟಿನ ಕಡೆ ಹೋಗಬೇಡಿ. ಸಂಡೇ ಸ್ಕೂಲ್ ಹಾಲ್‌ನಲ್ಲಿ ಅಭ್ಯಾಸದ ಬೊಂಬೆಗಳನ್ನು ಇಟ್ಟಿದೆ, ನಮ್ಮ ಸಭೆಯ ಇಬ್ಬರು ನರ್ಸ್ ಅಕ್ಕಂದಿರು ಹೇಳಿಕೊಡುತ್ತಾರೆ. ಏಳನೆಯ ತರಗತಿಯಿಂದ ಮೇಲಿನ ಮಕ್ಕಳು ಮೊದಲು. ಹುಡುಗಿಯರು ದುಪಟ್ಟಾಗೆ ಪಿನ್ನು ಹಾಕಿಕೊಳ್ಳಿ, ಬಾಗುವಾಗ ಅಡ್ಡ ಬರುತ್ತದೆ. ಮೊಣಕಾಲು ನೋವಿರುವ ದೊಡ್ಡವರು ಕುರ್ಚಿಯಲ್ಲಿ ಕೂತು ಎಣಿಕೆ ಹಾಕಿ, ನೂರಾ ಇಪ್ಪತ್ತು ದಾಟದಂತೆ ನೋಡಿಕೊಳ್ಳುವ ಕೆಲಸ ಅವರದು. ಗಡಿಯಾರ ನೋಡುವ ನಮ್ಮ ಹಿರಿಯರಿಗೆ ಆ ಕೆಲಸ ಚೆನ್ನಾಗಿ ಒಪ್ಪುತ್ತದೆ. ಈಗ ಎದ್ದು ನಿಲ್ಲೋಣ, ವಿಶ್ವಾಸಪ್ರಮಾಣ ಹೇಳೋಣ.